ಯಡವಟ್ಟಿಗೊಂದು ಸೀಲು

ಮೇಷ್ಟ್ರೇ,

ಕಾಗದ ಅಂದರೆ ಮೊದಲು ಕ್ಷೇಮ ವಿಚಾರಿಸಬೇಕು ಅಂತ ಐದನೇ ಕ್ಲಾಸಿನಲ್ಲಿ ನೀವೇ ಬರೆಸಿದ್ದಿರಿ. ನಿಮ್ಮ ಕಡೆಯದನ್ನು ವಿಚಾರಿಸುವ ಹಾಗಿಲ್ಲ. ನಮ್ಮ ಕಡೆಯದನ್ನು ಹೇಳಿಕೊಳ್ಳುವ ಹಾಗಿಲ್ಲ. ಆದ್ದರಿಂದ ವಿಷಯಕ್ಕೇ ಬರುತ್ತೇನೆ. ನಿಮ್ಮ ಯಡವಟ್ಟು ಪುಸ್ತಕ ಈಗ ಮಂಡ್ಯದ ಒಂದು ಕಚೇರಿಯ ಬೀರುವಿನಲ್ಲಿದೆ. ಅದರಲ್ಲಿದ್ದ ಒಂದು ಪುಟದಿಂದಾಗಿ ಭಾಗ್ಯಮ್ಮ ಮೇಡಂಗೆ ನೋಟಿಸು ಬಂತು. ಅವರ ಸೇವೆ ಇನ್ನು ಎರಡು ವರ್ಷ ಇದೆ. ಮೂವತ್ತು ವರ್ಷ ಒಂದರಿಂದ ಐದನೇ ಕ್ಲಾಸಿನವರೆಗೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಹೆಂಗಸಿನ ಸೇವಾ ಪುಸ್ತಕದಲ್ಲಿ ಕೊನೆಗೆ ‘ಕರ್ತವ್ಯಲೋಪ’ ಅನ್ನುವ ಮಾತು ಕೂರುತ್ತದೋ ಇಲ್ಲವೋ ಅನ್ನುವುದು ಪ್ರಶ್ನೆ. ಅವರನ್ನು ಉಳಿಸಲು ನಾನೊಂದು ಕೆಲಸ ಮಾಡಿದೆ. ಅದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ? ಮಾಡಿದ್ದು ನಿಮಗೇ.

ನಾನು ಸಂಪನ್ಮೂಲ ವ್ಯಕ್ತಿಯಾಗಿ ಮೊದಲ ಸಲ ನಿಮ್ಮ ಶಾಲೆಗೆ ಬಂದ ದಿನ ನೆನಪಿದೆಯಾ? ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಕ್ಕೆ, ಕಬ್ಬಿನ ಲಾರಿಗಳು ಅರೆದು ಹಾಕಿದ ದಾರಿಯಲ್ಲಿ ಬೈಕು ಕುಣಿಸಿಕೊಂಡು ಬಂದಿದ್ದೆ. ಹದಿನಾಲ್ಕು ಶಾಲೆ ಸುತ್ತಿ, ಅಲ್ಲಿನ ಮೇಷ್ಟ್ರು ಮೇಡಂಗಳು ಮೊಬೈಲು, ಟ್ಯಾಬು, ಟಿವಿ ಇಟ್ಟುಕೊಂಡು ಪಾಠ ಮಾಡುವುದನ್ನು ರೂಢಿ ಮಾಡಿಸುವುದು ನನ್ನ ಕೆಲಸ ಅಂತ ಆದೇಶದಲ್ಲಿತ್ತು. ನೀವು ಜಗುಲಿಯಲ್ಲಿ ನಿಂತು ಭಾಗ್ಯಮ್ಮ ಮೇಡಂಗೆ ಪರಿಚಯ ಮಾಡಿಕೊಟ್ಟಿರಿ. “ಇವ್ನು ನನ್ ಶಿಷ್ಯ ಕಣಮ್ಮ, ಮಾದೇಸ. ಓಳಲು ಸ್ಕೂಲಲ್ಲಿ ನನ್ನತ್ರ ಐದ್ನೇ ಕ್ಲಾಸು ಓದ್ದೋನು. ಈಗ ನಮ್ಗೇ ಕಲ್ಸಕ್ಕೆ ಬಂದವ್ನೆ.”

“ಏನ್ ಕೆಲ್ಸವಂತೆ ಸಾರ್?”

“ಸಂಪನ್ಮೂಲ ವ್ಯಕ್ತಿಯಂತೆ. ಸಂಪತ್ತು ಎಲ್ಲಿಟ್ಟವ್ನೋ ಕಾಣೆ. ದಿನಾ ಬೈಕಲ್ಲಿ ಕುಂತು ಕುಂತು ಮೂಲ ಮಾತ್ರ ಬಂದಿರ್ತದೆ.”

ಮೇಡಂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ನಗಲಿಲ್ಲ. ನನಗೆ ಆಗ ನಲವತ್ತನಾಲ್ಕು. ಕೈಯಲ್ಲಿ ಆದೇಶವಿತ್ತು, ಹೆಗಲಲ್ಲಿ ಲ್ಯಾಪ್‌ಟಾಪಿತ್ತು, ಮೇಷ್ಟ್ರುಗಳು ಅಂದರೆ ಒಳಗೊಳಗೇ ಒಂದು ಅಸಹ್ಯವಿತ್ತು. ಫೋನಿನಲ್ಲಿ ಹಬ್ಬದ ಶುಭಾಶಯ, ಜಮೀನಿನ ಪಹಣಿ, ಮಗಳ ವರನ ಜಾತಕ ಎಲ್ಲ ನೋಡಬಲ್ಲವರು, ಅದೇ ಫೋನಿನಲ್ಲಿ ಮಕ್ಕಳಿಗೊಂದು ಭೂಪಟ ತೋರಿಸಿ ಅಂದರೆ “ನಮ್ಗೆ ಅದೆಲ್ಲ ಬರಾಕಿಲ್ಲ ಸಾರ್” ಅನ್ನುತ್ತಿದ್ದರು. ಬರಾಕಿಲ್ಲ ಅನ್ನುವುದನ್ನು ಇಷ್ಟು ಹೆಮ್ಮೆಯಿಂದ ಹೇಳುವ ಕಸುಬು ಇನ್ನೊಂದಿದೆಯೇ?

ಮಂಡ್ಯದಲ್ಲಿ ನಾನು ನಡೆಸಿದ ಮೂರು ದಿನದ ತರಬೇತಿಗೆ ನೀವೂ ಬಂದಿದ್ದಿರಿ, ಹಿಂದಿನ ಸಾಲಿನಲ್ಲಿ, ಕಿಟಕಿ ಪಕ್ಕ. ಅರವತ್ತು ಜನಕ್ಕೆ ಒಂದು ಪರದೆ. ಪರದೆಯ ಮೇಲೆ ‘ಕೈಯಾರೆ ಮಾಡಿ ಕಲಿಯುವುದರ ಮಹತ್ವ’ ಅಂತ ಬರೆದಿತ್ತು. ಮೂರು ದಿನವೂ ಯಾರ ಕೈಯೂ ಏನನ್ನೂ ಮುಟ್ಟಲಿಲ್ಲ, ಬಿಸ್ಕತ್ತಿನ ತಟ್ಟೆಯೊಂದನ್ನು ಬಿಟ್ಟರೆ. ಎರಡನೇ ದಿನ ಕರೆಂಟು ಹೋಯಿತು. ಪರದೆಯಲ್ಲಿ ಇರಬೇಕಾಗಿದ್ದನ್ನೇ ನಾನು ಕಾಗದ ನೋಡಿಕೊಂಡು ಓದಿದೆ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ, ನನಗೂ. ಕೊನೆಗೆ ಅಭಿಪ್ರಾಯದ ಹಾಳೆ ಹಂಚಿದೆ. ಒಬ್ಬರ ಹಾಳೆ ಒಬ್ಬರು ನೋಡಿಕೊಂಡು ಎಲ್ಲರೂ ‘ತುಂಬಾ ಉಪಯುಕ್ತವಾಗಿತ್ತು’ ಅಂತ ಬರೆದರು. ನೀವು ಬರೆದದ್ದು ಬೇರೆ: ‘ಮಾದೇಶನ ಅಕ್ಷರ ಈಗ ಪರವಾಗಿಲ್ಲ.’ ಆ ಹಾಳೆಯನ್ನು ಹರಿದುಹಾಕಿ ಉಳಿದವನ್ನು ಮೇಲಕ್ಕೆ ಕಳಿಸಿದೆ.

ಆಮೇಲೆ ಬಂದವಲ್ಲ, ಫೋನಿನಲ್ಲೇ ಮುಗಿಸಬೇಕಾದ ಕೋರ್ಸುಗಳು! ಮೇಡಂಗಳ ನಂಬರು ಅಂತ ಪಟ್ಟಿಯಲ್ಲಿ ಇದ್ದದ್ದು ಗಂಡಂದಿರ ನಂಬರು. ಒಟಿಪಿ ನೆಟ್ಟಗೆ ಗದ್ದೆಗೆ ಹೋಗುತ್ತಿತ್ತು. ಪ್ರಶ್ನೆಗಳಿಗೆ ಉತ್ತರ ಒತ್ತುತ್ತಿದ್ದವರು ಮನೆಯ ಮಕ್ಕಳು. ನಿಮ್ಮ ಶಾಲೆಯ ಮೂರನೆಯ ಮೇಷ್ಟ್ರು ಶಿವಣ್ಣ ಇದ್ದಾರಲ್ಲ, ಅವರ ಎಂಟನೇ ಕ್ಲಾಸಿನ ಮಗಳ ದಯದಿಂದ ಅವರಿಗೆ ಮಕ್ಕಳ ಮನೋವಿಜ್ಞಾನದಲ್ಲಿ ಬಣ್ಣದ ಪ್ರಮಾಣಪತ್ರ ಬಂತು. ನಮ್ಮ ಹದಿನಾಲ್ಕು ಶಾಲೆಯೂ ಪೂರ್ತಿ ಮುಗಿಸಿವೆ ಅಂತ ನಾನು ವರದಿ ಕೊಟ್ಟೆ. ಸುಳ್ಳು ಅಂತ ಗೊತ್ತಿತ್ತು. ಓದುವವರಿಗೂ ಗೊತ್ತಿತ್ತು. ಗೊತ್ತಿರುವವರು ಗೊತ್ತಿರುವವರಿಗೆ ಕಳಿಸುವ ಸುಳ್ಳಿಗೆ ವರದಿ ಅಂತ ಹೆಸರಿಟ್ಟಿರುವುದು ಎಷ್ಟು ಸಲೀಸು…

ಟಿವಿಯ ಮೇಲಿನ ಹೂವಿನ ಬಟ್ಟೆ ತೆಗೆದ ಶನಿವಾರ ನಾನು ಆಕಸ್ಮಿಕವಾಗಿ ಅಲ್ಲಿದ್ದೆ. ದಾನಿಗಳು ಕೊಟ್ಟಿದ್ದ ದೊಡ್ಡ ಟಿವಿ, ಎರಡು ಆಯುಧ ಪೂಜೆ ಕಂಡಿತ್ತು, ಒಂದು ಪಾಠವನ್ನೂ ಕಂಡಿರಲಿಲ್ಲ. “ಕೆಟ್ಟೋದ್ರೆ ಯಾರ್ ಸಾರ್ ಜವಾಬ್ದಾರಿ?” ಅಂದರು ಶಿವಣ್ಣ. ನಮ್ಮ ಜನ ಬೆಳಗಿನ ಪ್ರಾರ್ಥನೆ ಮರೆತರೂ ಈ ಮಾತು ಮರೆಯುವುದಿಲ್ಲ. ನೀವು ಬಟ್ಟೆಯನ್ನು ಮಡಿಸಿ ಭಾಗ್ಯಮ್ಮ ಮೇಡಂ ಕೈಗೆ ಕೊಟ್ಟು, “ನೀನು ಮೊದ್ಲು ಮುದ್ದೆ ತಿರುವ್ದಾಗ ಗಂಟಾಗ್ಲಿಲ್ವಾ ತಾಯಿ?” ಅಂದಿರಿ.

“ಆಯ್ತು. ನಮ್ಮತ್ತೆ ಅದ್ನ ಇಡೀ ಬೀದಿಗೆ ತೋರ್ಸಿದ್ರು.”

“ಅಂಗೇ ತೋರ್ಸನ ಬಾ.”

ಅವತ್ತು ಕಪಾಟಿನಿಂದ ಒಂದು ಉದ್ದನೆಯ ಖಾಲಿ ರಿಜಿಸ್ಟರು ತೆಗೆದು, ರಟ್ಟಿನ ಮೇಲೆ ಸುಣ್ಣದ ಹಾಗೆ ಬಿಳಿ ಬಣ್ಣದಲ್ಲಿ ‘ಯಡವಟ್ಟು ಪುಸ್ತಕ’ ಅಂತ ಬರೆದಿರಿ. ಎಡವಟ್ಟು ಅಂತ ಬರೆಯಬೇಕು ಮೇಷ್ಟ್ರೇ ಅಂದೆ. “ಅದು ನಿಘಂಟಿಂದು. ನಾವು ಮಾಡೋದು ಯಡವಟ್ಟು” ಅಂದಿರಿ. ನಿಯಮ ಸಣ್ಣದು. ವಾರದಲ್ಲಿ ಒಂದು ದಿನ, ತನಗೆ ಬಾರದ ಒಂದು ಹೊಸ ಕೆಲಸವನ್ನು ಫೋನಿನಲ್ಲೋ ಟಿವಿಯಲ್ಲೋ ಮಾಡಿ ಮಕ್ಕಳೆದುರಿಗೇ ಪಾಠ ಮಾಡಬೇಕು. ಕೆಟ್ಟದ್ದನ್ನು ಎರಡು ಸಾಲು ಬರೆಯಬೇಕು. ಶನಿವಾರ ಬೆಳಗಿನ ಶಾಲೆ ಬಿಟ್ಟು ಮದ್ದೂರಿನ ಬಸ್ಸು ಬರುವ ತನಕ ಇರುವ ಅರ್ಧ ಗಂಟೆಯಲ್ಲಿ ಅದನ್ನು ಓದಬೇಕು. ಯಾರ ಹೆಸರಿನಲ್ಲಿ ಯಡವಟ್ಟು ಇಲ್ಲವೋ ಅವರು ಏನನ್ನೂ ಮುಟ್ಟಿಲ್ಲ ಅಂತ ಅರ್ಥ. ಅವರು ಉಳಿದವರಿಗೆ ಟೀ ಕಾಯಿಸಬೇಕು.

“ಇದು ತರಬೇತಿಯಾ ಮೇಷ್ಟ್ರೇ?” ಅಂತ ಕೇಳಿದ್ದೆ.

“ತರಬೇತಿ ಅನ್ನೋದು ಮದ್ವೆ ಊಟ ಕಣ್ಲಾ. ಒಂದಿನ ಗಡದ್ದಾಗಿ ತಿಂದು ಮೂರ್ ದಿನ ಒಟ್ಟೆ ಇಡ್ಕಂಡ್ ಮನೀಕೋದು. ಇದು ದಿನಾ ತಿನ್ನೋದು. ರುಚಿ ಗಿಚಿ ಕೇಳ್ಬ್ಯಾಡ, ಬುಡು.”

ಮೊದಲ ಮೂರು ವಾರ ಶಿವಣ್ಣನೇ ಟೀ ಕಾಯಿಸಿದ್ದು. ನಾಲ್ಕನೆಯ ವಾರ ಅವರು ಅವಮಾನ ತಾಳದೆ ಪಾಠಪುಸ್ತಕದ ಕ್ಯೂಆರ್ ಚೌಕವನ್ನು ಸ್ಕ್ಯಾನು ಮಾಡಲು ಹೋಗಿ, ಅಂಗಡಿಗೆ ದುಡ್ಡು ಕಳಿಸುವ ಆಪನ್ನು ತೆರೆದರು. ‘ಎಷ್ಟು ರೂಪಾಯಿ ಎಂದು ಕೇಳಿತು. ಐದು ರೂಪಾಯಿ ಕೊಡಿ ಸಾರ್, ಪಾಠ ಬರಲಿ ಎಂದು ಮಕ್ಕಳು ಹೇಳಿದರು’ ಅಂತ ಬರೆದಿದ್ದಾರೆ. ನೀವು ಗ್ರಹಗಳನ್ನು ತೋರಿಸಲು ಹೋಗಿ ಫೋನಿನ ಕ್ಯಾಮೆರಾದಲ್ಲಿ ನಿಮ್ಮ ಮುಖಕ್ಕೇ ಬೆಕ್ಕಿನ ಮೀಸೆ ಬಂದದ್ದನ್ನು ಬರೆದಿದ್ದೀರಿ. ಭಾಗ್ಯಮ್ಮ ಮೇಡಂ ಬರೆದದ್ದು ನನಗೆ ಬಾಯಿಪಾಠವಾಗಿದೆ: ‘ಟಿವಿಗೆ ಧ್ವನಿ ಬರಲಿಲ್ಲ. ಅರ್ಧ ಗಂಟೆ ಬಾಯಿ ಆಡಿಸುವ ಮನುಷ್ಯನನ್ನು ತೋರಿಸಿದೆ. ಆಮೇಲೆ ಮಕ್ಕಳೇ ಅವನಿಗೆ ಮಾತು ಕೊಟ್ಟರು. ಇದು ಪಾಠಕ್ಕಿಂತ ಚೆನ್ನಾಗಿತ್ತು.’ ನನ್ನ ಮೂರು ದಿನದ ತರಬೇತಿಯಲ್ಲಿ ಇಂಥದೊಂದು ಸಾಲು ಇತ್ತೇ? ನಾನು ಅದನ್ನು ಓದಿ ನಕ್ಕೆ, ಆದರೆ ಮೆಚ್ಚಿ ಅಲ್ಲ. ದೊಡ್ಡವರು ಮಕ್ಕಳ ಆಟ ಆಡುತ್ತಿದ್ದಾರೆ ಅನ್ನಿಸಿತ್ತು.

ನಾನು ಸೀಲಿನ ಮಾತು ಎತ್ತಿದ್ದು ಅಂಥ ಒಂದು ಶನಿವಾರವೇ. ಈ ಮಾತನ್ನು ನಾನು ಇಷ್ಟು ದಿನ ಯಾರ ಮುಂದೆಯೂ ಆಡಿಲ್ಲ. “ಮೇಷ್ಟ್ರೇ, ದಿನಾಂಕ, ಸಹಿ, ಶಾಲೆಯ ಸೀಲು ಇಲ್ಲದಿದ್ದರೆ ಇದು ದಾಖಲೆ ಆಗಲ್ಲ. ಎಲ್ಲದರ ಕೆಳಗೂ ಹಾಕಿಸಿ. ತರಬೇತಿ ಲೆಕ್ಕಕ್ಕಾದರೂ ಬರುತ್ತೆ” ಅಂದೆ.

“ಯಡವಟ್ಟಿಗೂ ಸೀಲಾ? ಸರ್ಕಾರದ್ ಯಡವಟ್ಟಿಗೆ ಆಕ್ತಾರೆ, ನಮ್ದುಕ್ಕೂ ಬೇಕೇನ್ಲಾ?”

ನಕ್ಕಿರಿ. ಆದರೆ ಹಾಕಿಸಿದಿರಿ. ಯಾಕೆ? ಶಿಷ್ಯ ಹೇಳಿದ ಅಂತಲೋ, ಅಥವಾ ನಿಮ್ಮ ಒಳಗೂ ಒಬ್ಬ ಗುಮಾಸ್ತ ಕೂತಿದ್ದನೋ… ನಮ್ಮ ಜನಕ್ಕೆ ಬರೆದದ್ದರ ಕೆಳಗೆ ಖಾಲಿ ಜಾಗ ಕಂಡರೆ ಕೈ ತಾನಾಗಿ ಸಹಿ ಹಾಕುತ್ತದೆ. ಮೂವರೂ ವಾರ ವಾರ ತಮ್ಮ ತಮ್ಮ ತಪ್ಪಿನ ಕೆಳಗೆ ಪೂರ್ತಿ ಹೆಸರು, ಹುದ್ದೆ, ದಿನಾಂಕ ಬರೆದು ಸೀಲು ಗುದ್ದಿದರು. ಪ್ರಪಂಚದಲ್ಲಿ ಕಳ್ಳರೂ ಇಷ್ಟು ಅಚ್ಚುಕಟ್ಟಾಗಿ ಒಪ್ಪಿಕೊಳ್ಳುವುದಿಲ್ಲ.

ಹನ್ನೊಂದು ಮಕ್ಕಳು ಮಾಯವಾದ ದಿನ ನೀವು ಊಟದ ಸಾಲು ನೋಡಿಕೊಳ್ಳುತ್ತಿದ್ದಿರಂತೆ. ನಾಲ್ಕನೇ ಕ್ಲಾಸಿನವರನ್ನು ಕಂಪ್ಯೂಟರಿನಲ್ಲಿ ಐದನೇ ಕ್ಲಾಸಿಗೆ ಹತ್ತಿಸಬೇಕಿತ್ತು. ಪ್ರತಿ ವರ್ಷ ಮದ್ದೂರಿನ ಅಂಗಡಿಯವನಿಂದ ಮಾಡಿಸುವ ಕೆಲಸ ಅದು. ಭಾಗ್ಯಮ್ಮ ಮೇಡಂ ಈ ಸಲ ತಾವೇ ಕೂತರು. ಹತ್ತಿಸುವುದರ ಬದಲು ‘ಶಾಲೆ ಬಿಟ್ಟವರು’ ಅನ್ನುವುದನ್ನು ಒತ್ತಿಬಿಟ್ಟರು. ಪುಸ್ತಕದಲ್ಲಿ ಬರೆದರು: ‘ಹನ್ನೊಂದು ಮಕ್ಕಳನ್ನು ಶಾಲೆಯಿಂದ ಕಳಿಸಿಬಿಟ್ಟೆ. ಎದುರಿಗೇ ಕೂತಿದ್ದಾರೆ, ಕಂಪ್ಯೂಟರಿನಲ್ಲಿ ಇಲ್ಲ. ವಾಪಸು ತರುವುದು ಗೊತ್ತಿಲ್ಲ.’ ಸಹಿ. ಸೀಲು. ನೀವು ಬೈಯಲಿಲ್ಲ. ನನಗೂ ಹೇಳಲಿಲ್ಲ, ಹೇಳಿದ್ದರೂ ನನಗೆ ವಾಪಸು ತರುವುದು ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಮಳವಳ್ಳಿಯಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥ ಕೆಲಸ ಬಲ್ಲವಳು ಇದ್ದಾಳೆ ಅಂತ ಮೇಡಂ ಅವರನ್ನು ಅಲ್ಲಿಗೆ ಕಳಿಸಿದಿರಿ. ಮೇಡಂ ಮೂರು ವಾರ ಓಡಾಡಿ, ಅವಳ ಪಕ್ಕ ಕೂತು, ತಾವೇ ಒತ್ತಿ, ಒಂದೊಂದೇ ಮಗುವನ್ನು ವಾಪಸು ತಂದರು. ಆಮೇಲೆ ಅದೇ ಪುಟದ ಕೆಳಗೆ, ಮೊದಲು ಏನು ಒತ್ತಬೇಕು, ಆಮೇಲೆ ಏನು ಅಂತ ಒಂದೂ ಬಿಡದೆ ಬರೆದರು. ಆ ಪುಟದ ಫೋಟೋ ನಮ್ಮ ಹದಿನಾಲ್ಕು ಶಾಲೆಗೂ ಹೋಯಿತು. ಅಕ್ಕಪಕ್ಕದ ಮೇಷ್ಟ್ರುಗಳು ಮಕ್ಕಳನ್ನು ಕಳೆದುಕೊಂಡಾಗ ನನಗಲ್ಲ, ಭಾಗ್ಯಮ್ಮ ಮೇಡಂಗೆ ಫೋನು ಮಾಡಲು ಶುರು ಮಾಡಿದರು.

ನೀವು ಹೋದ ಬೆಳಿಗ್ಗೆ ನಾನಿರುವ ಯಲಿಯೂರಿನ ರೈಲು ಸ್ಟೇಷನ್ನಿನಲ್ಲಿದ್ದೆ. ಡೈರಿಗೆ ಹಾಲು ಹಾಕಿ ಬರುವಾಗ ಕ್ಯಾನು ಕೆಳಗಿಟ್ಟು ಕೂತವರು ಏಳಲಿಲ್ಲ ಅಂತ ಫೋನು ಬಂತು. ನಿಮ್ಮ ಸೇವೆ ಇನ್ನೊಂದು ವರ್ಷ ಇತ್ತು. ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಶಿವಣ್ಣ ಅವಸರದಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಮುಂದಿನ ಶನಿವಾರ ಭಾಗ್ಯಮ್ಮ ಮೇಡಂ ಅದನ್ನು ಅವರ ಕೈಯಲ್ಲೇ ಪುಸ್ತಕದಲ್ಲಿ ಬರೆಸಿದರಂತೆ. ‘ಮೇಷ್ಟ್ರು ತೀರಿಹೋದದ್ದಕ್ಕೆ ಭೇಷ್ ಎಂದು ಕಳಿಸಿದೆ.’ ಬರೆಯುವಾಗ ಶಿವಣ್ಣ ಅಳುತ್ತಿದ್ದರಂತೆ, ಮೇಡಂ ನಗುತ್ತಿದ್ದರಂತೆ, ಆಮೇಲೆ ಅದು ಅದಲುಬದಲಾಯಿತಂತೆ. ನಾನು ಅಲ್ಲಿರಲಿಲ್ಲ.

ಯಶೋಗಾಥೆ ತನ್ನಿ ಅಂತ ಮಂಡ್ಯದಿಂದ ಸುತ್ತೋಲೆ ಬಂದದ್ದು ಅದಾಗಿ ಮೂರು ತಿಂಗಳಿಗೆ. ಪ್ರತಿ ಸಂಪನ್ಮೂಲ ವ್ಯಕ್ತಿಯೂ ತನ್ನ ಶಾಲೆಗಳಿಂದ ಒಂದು ಯಶೋಗಾಥೆ ಹೇಳಬೇಕು. ನನ್ನ ಹತ್ತಿರ ಏನಿತ್ತು? ಬಿಸ್ಕತ್ತಿನ ತಟ್ಟೆ. ಭಾಗ್ಯಮ್ಮ ಮೇಡಂ ಹತ್ತಿರ ಹೋಗಿ ಪುಸ್ತಕ ಕೇಳಿದೆ. ನೀವು ಹೋದ ಮೇಲೆ ಶಾಲೆಯ ಉಸ್ತುವಾರಿ ಅವರದೇ. “ಶನಿವಾರಕ್ಕೆ ತಂದ್ಬುಡಿ ಸಾರ್” ಅಂತ ಮಾತ್ರ ಹೇಳಿ ಕೊಟ್ಟರು. ಸಭೆಯಲ್ಲಿ ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ. ನನ್ನ ಮಾರ್ಗದರ್ಶನದಲ್ಲಿ ಅನ್ನುವ ಮಾತು ನನ್ನ ಬಾಯಿಂದ ಎರಡು ಸಲ ಬಂತು. ಮಂಡ್ಯ ಕಚೇರಿಯ ಸಾಹೇಬರು ಕನ್ನಡಕ ಏರಿಸಿ ಪುಟ ತಿರುವಿದರು. ಬೆಕ್ಕಿನ ಮೀಸೆಗೆ ನಕ್ಕರು. ಹನ್ನೊಂದು ಮಕ್ಕಳ ಪುಟದಲ್ಲಿ ನಗು ನಿಂತಿತು.

“ಈ ಸಹಿ ಯಾರ್ದು? ಸೀಲು ಶಾಲೇದೇನಾ?”

“ಹೌದು ಸಾರ್, ಆದರೆ ಕೆಳಗೆ ನೋಡಿ, ಸರಿಪಡಿಸಿದ ವಿಧಾನ…”

“ಕೆಳಗಿಂದು ಆಮೇಲೆ ನೋಡನ. ಮೇಲೆ ಬರ್ಕೊಟ್ಟವ್ರಲ್ಲ, ತಪ್ಪು ಮಾಡಿದೀನಿ ಅಂತ.”

ಪುಸ್ತಕ ನನ್ನ ಕೈಗೆ ವಾಪಸು ಬರಲಿಲ್ಲ. ಸುಳ್ಳು ವರದಿಗಳಿಗೆ ಒಂದು ದಿನವೂ ಯಾರೂ ಪ್ರಶ್ನೆ ಕೇಳಿರಲಿಲ್ಲ ಮೇಷ್ಟ್ರೇ. ಇದೊಂದು ನಿಜವಾಗಿತ್ತು, ಅದಕ್ಕೇ ಸಿಕ್ಕಿಬಿತ್ತು.

ನೋಟಿಸು ಬಂದ ವಾರ ನಿಮ್ಮ ಶಾಲೆಗೆ ಹೋದೆ. ಟಿವಿಯ ಮೇಲೆ ಹೂವಿನ ಬಟ್ಟೆ ಮತ್ತೆ ಬಿದ್ದಿತ್ತು. ಶಿವಣ್ಣ ಫೋನನ್ನು ಬ್ಯಾಗಿನಲ್ಲಿ, ಬ್ಯಾಗನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರು. “ನಾನು ಬೆಕ್ಕು ನಾಯಿ ಅಂತ ಏನೇನೋ ಬರ್ದಿವ್ನಿ ಸಾರ್, ನಂಗೂ ಬತ್ತದಾ?” ಅಂತ ಕೇಳಿದರು. ಬೆಕ್ಕು ನಿಮ್ಮದಲ್ಲ, ಮೇಷ್ಟ್ರದು ಅಂದೆ. ಉಳಿದ ಶಾಲೆಗಳಲ್ಲೂ ಸುದ್ದಿ ಹಬ್ಬಿತ್ತು. ಕೊತ್ತತ್ತಿ ಕಡೆಯಿಂದ ಬರುವ ಮೇಷ್ಟ್ರೊಬ್ಬರು ನನ್ನನ್ನು ಕಂಡು ಕೈಮುಗಿದು, “ನೀವ್ ಏಳ್ಕೊಟ್ಟಿದ್ನ ನಾವ್ ಕಲೀನಿಲ್ವಲ್ಲ, ಬದುಕ್ಕಂಡ್ವಿ” ಅಂದರು. ನಾಲ್ಕು ವರ್ಷದ ನನ್ನ ದುಡಿಮೆಗೆ ಸಿಕ್ಕ ಒಂದೇ ಪ್ರಾಮಾಣಿಕ ಅಭಿಪ್ರಾಯ ಅದು. ಭಾಗ್ಯಮ್ಮ ಮೇಡಂ ನೋಟಿಸನ್ನು ಮಡಿಸಿ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದರು. “ಲೋಪ ಅಂದ್ರೆ ವ್ಯಾಕರಣದಲ್ಲ್ ಬತ್ತದಲ್ವಾ ಸಾರ್, ಸಂಧಿ? ಇದು ಅದೇನಾ?” ಅಂದರು. ಹುಡುಗಾಟಕ್ಕೆ ಕೇಳಿದರೋ, ನಿಜಕ್ಕೂ ಕೇಳಿದರೋ, ನನಗೆ ಮುಖ ನೋಡಲು ಆಗಲಿಲ್ಲ.

ಹೇಳಿಕೆ ಕೊಡಲು ಸಾಹೇಬರ ಮುಂದೆ ಕೂತ ದಿನ ಅವರು ನನಗೆ ಟೀ ತರಿಸಿದರು. ಒಳ್ಳೆಯ ಮನುಷ್ಯ. ಒಳ್ಳೆಯವರೇ ಇಂಥ ಉಪಾಯ ಹೇಳುವುದು. “ನೋಡಿ ಮಾದೇಶ್, ಆಯಮ್ಮಂಗೆ ತೊಂದ್ರೆ ಕೊಡೋದು ನಂಗೂ ಇಷ್ಟ ಇಲ್ಲ. ಪುಸ್ತಕ ಶುರು ಮಾಡಿದ್ದು ಯಾರು?”

“ಹಿಂದಿನ ಹೆಡ್‌ಮೇಷ್ಟ್ರು.”

“ಅವ್ರೆಲ್ಲಿ?”

“ತೀರಿಹೋದರು ಸಾರ್.”

“ಮತ್ತೆ? ಸತ್ತವ್ರಿಗೆ ನೋಟಿಸು ಅಂಟ್ಸಕ್ಕೆ ಗೋಡೆ ಇಲ್ಲ. ಅವ್ರ ಮೇಲೆ ಹಾಕ್ಬುಡಿ.”

ಹಾಕಿಬಿಟ್ಟೆ. ಯೋಚಿಸಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು. ‘ಸದರಿ ವಹಿಯನ್ನು ಅಂದಿನ ಮುಖ್ಯ ಶಿಕ್ಷಕರಾದ ದಿವಂಗತರು ಯಾರ ಅನುಮತಿಯನ್ನೂ ಪಡೆಯದೆ ನಿರ್ವಹಿಸುತ್ತಿದ್ದು, ಸದರಿ ಶಿಕ್ಷಕಿಯವರು ಅವರ ಮೌಖಿಕ ಒತ್ತಡದಿಂದ ಸದರಿ ಕಾರ್ಯವನ್ನು ಎಸಗಿರುವುದು ಕಂಡುಬಂದಿರುತ್ತದೆ.’ ನನ್ನ ಅಕ್ಷರ ಪರವಾಗಿಲ್ಲ ಅಂದಿದ್ದಿರಲ್ಲ, ಆ ಅಕ್ಷರದಲ್ಲಿ. ಸೀಲು ಹಾಕಿಸಿ ಅಂದದ್ದು ಯಾರು ಅಂತ ಸಾಹೇಬರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಇಲಾಖೆಯಲ್ಲಿ ಅಶಿಸ್ತು. ಹೊರಗೆ ಬಂದಾಗ ಹಗುರವೆನಿಸಿತು. ಸತ್ತವರಿಂದ ಬದುಕಿರುವವರಿಗೆ ಉಪಯೋಗವಾದರೆ ತಪ್ಪೇನು? ನೀವೇ ಇದ್ದಿದ್ದರೂ ಹಾಗೇ ಹೇಳುತ್ತಿದ್ದಿರಿ ಅಂತ ರೈಲಿನಲ್ಲಿ ನನಗೆ ನಾನೇ… ಎಷ್ಟು ಬೇಗ ನಾವು ಸತ್ತವರ ಒಪ್ಪಿಗೆ ಪಡೆದುಬಿಡುತ್ತೇವೆ, ನೋಡಿ.

ಆದೇಶದ ಪ್ರತಿ ಕೈಗೆ ಬಂದ ಶನಿವಾರ ಸಿಹಿ ತೆಗೆದುಕೊಂಡು ನಿಮ್ಮ ಶಾಲೆಗೆ ಹೋದೆ. ‘ಆಪಾದಿತರು ಮರಣ ಹೊಂದಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.’ ಭಾಗ್ಯಮ್ಮ ಮೇಡಂ ಜಗುಲಿಯಲ್ಲಿ ನಿಂತೇ ಎರಡು ಸಲ ಓದಿದರು. ಸಿಹಿಯ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

“ಆಪಾದಿತರು ಅಂದ್ರೆ ಯಾರು?”

“ಮೇಷ್ಟ್ರು. ಅದು ಬರೀ ಕಾಗದದ ಮೇಲೆ ಮೇಡಂ. ಅವರಿಗೇನೂ ಆಗಲ್ಲ.”

“ಅವ್ರಿಗೇನೂ ಆಗಲ್ಲ ಕಣಪ್ಪ, ನಂಗಾಯ್ತದೆ.” ನನ್ನನ್ನು ಅವರು ಯಾವತ್ತೂ ಸಾರ್ ಅನ್ನದೆ ಕರೆದವರಲ್ಲ. “ಒತ್ತಿದ್ದು ನಾನು. ಮೂವತ್ತು ವರ್ಸ ಅವ್ರು ಇವ್ರು ಏಳ್ದಂಗೆ ಕುಣ್ದಿವ್ನಿ. ನಾನೇ ಒತ್ತಿ, ನಾನೇ ಕೆಡ್ಸಿ, ನಾನೇ ಮಳವಳ್ಳಿಗ್ ಅಲ್ದು ಸರಿ ಮಾಡಿದ್ದು ಅಂತ ಇದ್ದುದ್ದು ಅದೊಂದೇಯ. ಅದ್ನೂ ಓಗಿ ಮೇಷ್ಟ್ರ ಎಸ್ರಿಗೆ ಬರ್ಕೊಟ್ಟು ಬಂದ್ರಾ? ಒತ್ತಡ ಮಾಡಿದ್ರು ಅಂತ ಬೇರೆ! ಆಯಪ್ಪ ನನ್ಗೆ ಒಂದಿನ ಗದರ್ಸಿದ್ದು ಯಾವ್ದಾದ್ರೂ ಇದ್ರೆ, ಕೆಡ್ಸಕ್ಕೆ ಎದ್ರಿದ್ದುಕ್ಕೆ.”

“ನಿಮ್ಮ ಸರ್ವಿಸ್ಸು ಉಳಿಯಲಿ ಅಂತ ಮೇಡಂ…”

“ಸರ್ವಿಸ್ಸು ಉಳ್ಸಿದ್ರಿ. ಇನ್ನೆಲ್ಡ್ ವರ್ಸ ಆ ಟಿವಿ ಮುಂದೆ ಯಾವ್ ಮುಕ ಇಟ್ಕಂಡ್ ನಿಂತ್ಕಳ್ಳಿ?”

ಬಸ್ಸು ಬಂತು. ಹತ್ತಿ ಹೋದರು. ಶಿವಣ್ಣ ಬಂದು ಡಬ್ಬಿಯಿಂದ ಒಂದು ಮೈಸೂರು ಪಾಕು ತೆಗೆದುಕೊಂಡು, ತಿನ್ನಲೋ ಬೇಡವೋ ಅಂತ ನನ್ನ ಮುಖ ನೋಡಿದರು.

ಸೋಮವಾರ ಬೆಳಿಗ್ಗೆ ನನ್ನ ಫೋನಿಗೆ ಒಂದು ಪ್ರತಿ ಬಂತು. ಭಾಗ್ಯಮ್ಮ ಮೇಡಂ ಸಾಹೇಬರ ಕಚೇರಿಗೆ ಕಳಿಸಿದ ಕಾಗದ. ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದಲ್ಲ, ಅದನ್ನು ಅವರಿಗೆ ನಾನು ಕಲಿಸಿಲ್ಲ. ನೀವೂ ಕಲಿಸಿಲ್ಲ. ಭಾನುವಾರ ಮನೆಯಲ್ಲಿ ಕೂತು ಒಬ್ಬರೇ ಒತ್ತಿ ಒತ್ತಿ ಕಂಡುಕೊಂಡಿದ್ದಾರೆ. ನಮ್ಮ ಸೀಮೆಯ ಮಾತು ಫೋನಿಗೆ ಎಷ್ಟು ತಿಳಿಯಿತೋ ಅಷ್ಟು ಬರೆದಿದೆ. ಇದ್ದ ಹಾಗೆ ಇಳಿಸುತ್ತೇನೆ:

‘ಮಾನ್ಯರೇ ಅನ್ನ ಒಂದು ಮಕ್ಕಳನ್ನು ಶಾಲೆಯಿಂದ ತೆಗೆದಿದ್ದು ನಾನು ಮೇಷ್ಟ್ರು ಅಲ್ಲ ಅವರು ಆಗ ಊಟದ ಸಾಲಿನಲ್ಲಿ ನಿಂತಿದ್ದರು ಅನ್ನ ಒಂದು ಮಕ್ಕಳನ್ನು ವಾಪಸು ತಂದಿದ್ದು ನಾನು ಅದನ್ನು ಯಾರೂ ಕೇಳಲಿಲ್ಲ ತಪ್ಪು ಅಂದರೆ ನನ್ನ ಮೇಲೆ ಬರೆಯಿರಿ ಪುಸ್ತಕಕ್ಕೆ ಸೀಲು ಆಕಿ ಎಂದು ಏಳಿದ್ದು ಮಾದೇಶ ಸಾರು ಅವರನ್ನೂ ಕರೆಯಿರಿ ಪುಸ್ತಕ ವಾಪಸು ಕೊಡಿ ಶನಿವಾರಕ್ಕೆ ಬೇಕು ಇಂತಿ ಭಾಗ್ಯಮ್ಮ ಸಹ ಶಿಕ್ಷಕಿ’

ಫೋನು ಮಾಡಿದೆ. ಹನ್ನೊಂದು ಅನ್ನುವುದು ಅನ್ನ ಒಂದು ಅಂತ ಆಗಿದೆ ಮೇಡಂ, ನನ್ನನ್ನು ಸಾರು ಮಾಡಿದೆ, ತಿದ್ದಿ ಕಳಿಸಬಹುದಿತ್ತು ಅಂದೆ. “ತಿದ್ದಿದ್ರೆ ನೀವ್ ಬರ್ದಂಗಾಗ್ತಿತ್ತು” ಅಂದು ಇಟ್ಟರು. ಸೀಲಿನ ಮಾತು ಅವರಿಗೆ ನೆನಪಿರಬಹುದು ಅಂತ ನಾನು ಎಣಿಸಿರಲಿಲ್ಲ. ಅವತ್ತು ಟೀ ಕಾಯಿಸುತ್ತ ಒಳಗಿದ್ದರು ಅಂದುಕೊಂಡಿದ್ದೆ. ಕೇಳಿಸಿಕೊಂಡಿದ್ದಾರೆ, ನೋಟಿಸು ಬಂದಾಗಲೂ, ನಾನು ಎದುರಿಗೆ ನಿಂತಾಗಲೂ, ಒಂದು ಸಲವೂ ಅದನ್ನು ಎತ್ತಿರಲಿಲ್ಲ. ನಾನು ನಿಮ್ಮನ್ನು ಮುಟ್ಟುವವರೆಗೆ.

ಸಾಹೇಬರು ನಿನ್ನೆ ಫೋನು ಮಾಡಿದ್ದರು. “ಮುಗಿದ ಕಡತ ಕಣ್ರೀ ಇದು. ಆಯಮ್ಮಂದು ವಾಪಸ್ ತಗಸಿ. ತಗಸದೆ ಇದ್ರೆ ಇಬ್ರನ್ನೂ ಗುರುವಾರ ಕರೀಬೇಕಾಗ್ತದೆ. ಸತ್ತವ್ರೇನಾದ್ರೂ ದೂರು ಕೊಟ್ರಾ ನಿಮ್ಗೆ?”

“ಇಲ್ಲ ಸಾರ್.”

“ಮತ್ತೆ ನಿಮ್ಗೇನ್ರೀ ಕಷ್ಟ?”

ಕರೆಯಿರಿ ಸಾರ್ ಅಂದೆ. ಅವರು ಬೇಜಾರಿನಿಂದ, ಹೊತ್ತು ಮೀರಿ ಬರಬೇಡಿ, ಹನ್ನೊಂದು ಗಂಟೆಗೆ ಅಂದರು.

ಹೇಳಿಕೆಯನ್ನು ಬರೆದಿಟ್ಟುಕೊಂಡಿದ್ದೇನೆ. ‘ಕಂಡುಬಂದಿರುತ್ತದೆ’ ಎಲ್ಲೂ ಇಲ್ಲ. ಸೀಲು ಹಾಕಿ ಅಂದವನು ನಾನು. ಪುಸ್ತಕವನ್ನು ನನ್ನದೆಂದು ಹೊತ್ತು ತಂದವನು ನಾನು. ಆಮೇಲೆ ಅದು ಸತ್ತವರದು ಅಂದವನೂ ನಾನು. ಓದಿದರೆ ಶಾಲಾ ಹುಡುಗರು ಬರೆದ ಹಾಗಿದೆ, ನಾಚಿಕೆಯಾಗುತ್ತದೆ, ಹಾಗೇ ಇರಲಿ. ಇದರಿಂದ ಭಾಗ್ಯಮ್ಮ ಮೇಡಂಗೆ ಆ ಕೆಟ್ಟ ಮಾತು ತಪ್ಪುತ್ತದೆ ಅನ್ನುವ ಭರವಸೆ ನನಗಿಲ್ಲ, ಅವರಿಗೂ ಇಲ್ಲ. ಬಹುಶಃ ಇಬ್ಬರ ಹೆಸರಿನ ಮುಂದೆಯೂ ಬೀಳುತ್ತದೆ. ನನ್ನನ್ನು ಯಾವುದಾದರೂ ಶಾಲೆಗೆ ವಾಪಸು ಹಾಕಬಹುದು. ಹದಿನಾಲ್ಕು ಶಾಲೆಗಳು ನಿಟ್ಟುಸಿರು ಬಿಡುತ್ತವೆ.

ಗುರುವಾರ ಅವರು ಮದ್ದೂರಿನಿಂದ ಬಸ್ಸಿಗೆ ಬರುತ್ತಾರೆ, ನಾನು ಯಲಿಯೂರಿನಿಂದ ರೈಲಿಗೆ. ಸಂಜೆಯ ಹೊತ್ತಿಗೆ ನೀವು ಬರೀ ಸತ್ತವರಾಗಿರುತ್ತೀರಿ ಮೇಷ್ಟ್ರೇ, ತಪ್ಪಿತಸ್ಥರಲ್ಲ.

ಮಾದೇಶ